ಜನಾನಾ ವಾರ್ಡಿನ ಪರದೆಯ ಹಿಂದೆ

ಕಳೆದ ತಿಂಗಳು ನಮ್ಮ ಓಣಿಯ ಇಬ್ಬರು ಕಾಲೇಜು ಹುಡುಗಿಯರು ಮನೆಗೆ ಬಂದಿದ್ದರು. ರಜೆಯಲ್ಲಿ ದವಾಖಾನೆಗೆ ಹೋಗಿ ರೋಗಿಗಳ ಸೇವೆ ಮಾಡಲು ಹೆಸರು ಕೊಟ್ಟಿದ್ದಾರಂತೆ. ಕೊರಳಲ್ಲಿ ಫೋಟೋ ಇರುವ ಬಿಲ್ಲೆ, ಮೈಮೇಲೆ ಇಸ್ತ್ರಿ ಮುರಿಯದ ಬಿಳಿ ಕೋಟು. ನಾನೂ ಪಗಾರವಿಲ್ಲದ ಸೇವೆಯಿಂದಲೇ ನರ್ಸ್ ಕೆಲಸಕ್ಕೆ ಬಂದವಳು ಎಂದು ಯಾರೋ ಹೇಳಿದ್ದರಂತೆ, ನಾಲ್ಕು ಮಾತು ಕೇಳಿಕೊಂಡು ಹೋಗಲು ಬಂದಿದ್ದರು. ಇಬ್ಬರಲ್ಲಿ ಚುರುಕಾದವಳು ಚಹಾದ ಬಟ್ಟಲು ಕೆಳಗಿಟ್ಟು, "ಅಜ್ಜಿ, ಪುಕಟ ಸೇವಾ ಮಾಡಿದ್ದಕ್ಕ ನಿಮಗ ಏನ್ ಸಿಕ್ತರಿ?" ಎಂದು ಕೇಳಿದಳು.

ಮೊದಲು ಚಹಾ ಕುಡಿ, ಆರಿಹೋಗುತ್ತದೆ ಎಂದು ನಾನು ಮಾತು ತೇಲಿಸಿಬಿಟ್ಟೆ. ಅವರು ನನ್ನ ಕಾಲಿಗೆ ಬಿದ್ದು ಹೋದರು. ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಉತ್ತರ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಹೇಳಲು ನಾಚಿಕೆಯಾಯಿತು. ಸೇವೆಗೆ ಪ್ರತಿಯಾಗಿ ನನಗೆ ಸಿಕ್ಕದ್ದು ಒಂದು ನೌಕರಿ. ಆ ನೌಕರಿ ನನಗೆ ಕೆಲಸ ಕಲಿಸಿದ ಹೆಂಗಸಿನದು. ಹುಡುಗಿಯರ ಮುಂದೆ ಆಡಲಾಗದ ಮಾತನ್ನು ಕಾಗದದ ಮೇಲಾದರೂ ಆಡೋಣವೆಂದು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಇಲ್ಲ. ಅದನ್ನು ಓದಿ ನಿಮಗೆ ಆಗಬೇಕಾದ್ದೂ ಏನೂ ಇಲ್ಲ.

ನಾನು ಭಾಲ್ಕಿಯವಳು, ಹೆಸರು ನೀಲಮ್ಮ. ಮದುವೆಯಾಗಿ ಗಂಡನ ಮನೆಯ ಹಾದಿ ಸರಿಯಾಗಿ ಗುರುತಾಗುವ ಮೊದಲೇ ಅವರು ಜ್ವರದಲ್ಲಿ ಹೋದರು. ತಿರುಗಿ ಅಣ್ಣನ ಮನೆಗೆ ಬಂದೆ. ಅಣ್ಣ ಕೆಟ್ಟವನಲ್ಲ, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ ಇವತ್ತು ಏನೇನು ಕೆಲಸ ಮಾಡಿದೆ ಎಂದು ನನ್ನಷ್ಟಕ್ಕೆ ನಾನೇ ಲೆಕ್ಕ ಒಪ್ಪಿಸಿಕೊಳ್ಳುತ್ತಿದ್ದೆ. ಎರಡನೆಯ ರೊಟ್ಟಿಗೆ ಕೈ ಚಾಚುವಾಗ ಅತ್ತಿಗೆಯ ಮುಖ ನೋಡುತ್ತಿದ್ದೆ. ಹಂಗಿನ ಅರಮನೆಗಿಂತ ವಿಂಗಡದ ಗುಡಿಸಲು ಲೇಸು ಎನ್ನುತ್ತಾರೆ. ವಿಧವೆಗೆ ಗುಡಿಸಲಾದರೂ ಯಾರು ಕೊಡಬೇಕು?

ಬೀದರಿನಲ್ಲಿ ನಮ್ಮ ಸೋದರಮಾವ ಇದ್ದರು. ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಅವರದು ಅಡತಿ ಅಂಗಡಿ, ದಲಾಲಿ ವ್ಯಾಪಾರ. ತಲೆಗೆ ದೊಡ್ಡ ಬಿಳಿ ರುಮಾಲು, ಹಣೆಗೆ ದಪ್ಪ ವಿಭೂತಿ, ಬಾಯಲ್ಲಿ ಶರಣರ ವಚನ. ದಿಲ್ಲಿಯ ಸೈನ್ಯ ಬಂದು ಹೈದರಾಬಾದ್ ಸಂಸ್ಥಾನವನ್ನು ಸೇರಿಸಿಕೊಂಡ ಪೊಲೀಸ್ ಆಕ್ಷನ್ ಆದ ಹೊಸತರಲ್ಲಿ ಅವರ ಮನೆಯಲ್ಲಿ ಕೆಲಸಕ್ಕೆ ಆಸರೆಯಾಗಲೆಂದು ನನ್ನನ್ನು ಕರೆಸಿಕೊಂಡಿದ್ದರು. ಆಗ ಊರಿನ ದವಾಖಾನೆ ತುಂಬಿ ಅಂಗಳದಲ್ಲೂ ಜನ ಮಲಗಿದ್ದರು. ಅದಕ್ಕೂ ಮೊದಲಿನ ದಿನಗಳಲ್ಲಿ ನಮ್ಮ ಕಡೆಯವರು ಏಟು ತಿಂದು ಬರುತ್ತಿದ್ದರಂತೆ. ನಾನು ಹೋದಾಗ ಬರುತ್ತಿದ್ದವರು ಹೆಚ್ಚಾಗಿ ಮುಸಲ್ಮಾನರು. ಹಳ್ಳಿಗಳಲ್ಲಿ ಏನಾಯಿತೆಂದು ಬಲ್ಲವರು ಇನ್ನೂ ಇದ್ದಾರೆ, ಅವರು ಬರೆಯಲಿ. ನಾನು ಕಂಡದ್ದು ಗಾಡಿಯಿಂದ ಇಳಿಸಿದವರನ್ನು ಮಾತ್ರ.

ದವಾಖಾನೆಯ ನೌಕರರಲ್ಲಿ ಅರ್ಧ ಜನ ಹೆದರಿ ಮನೆಯಲ್ಲೇ ಉಳಿದಿದ್ದರು. ಗಂಜಿನ ಹತ್ತಾರು ವ್ಯಾಪಾರಿಗಳು ಸೇರಿ ಗಂಜಿ ಕಾಯಿಸುವುದು, ನೀರು ಹೊರುವುದು, ರೋಗಿಗಳನ್ನು ಎತ್ತಿ ಇಳಿಸುವುದು ಎಂದು ಕೆಲಸ ಹಂಚಿಕೊಂಡರು. ಹೆಂಗಸರ ವಾರ್ಡಿಗೆ ಗಂಡಸರು ಹೋಗುವ ಹಾಗಿರಲಿಲ್ಲ. ನಮ್ಮ ನೀಲಾ ಇದ್ದಾಳಲ್ಲ ಎಂದು ಮಾಮಾ ಹೇಳಿ ಬಂದರು. ನನ್ನನ್ನು ಯಾರೂ ಕೇಳಲಿಲ್ಲ. ಹೀಗೆ ನಾನು ಸ್ವಯಂಸೇವಕಿಯಾದೆ. ಮನಸ್ಸು ಮಾಡಿದವರು ಮಾಮಾ, ಮೈ ಮುರಿದವಳು ನಾನು.

ಜನಾನಾ ವಾರ್ಡು ಹಲೀಮಾ ಖಾಲಾಳ ರಾಜ್ಯ. ಆಕೆ ಅಲ್ಲಿನ ದಾಯಿ, ಹೆರಿಗೆ ಮಾಡಿಸುವವಳು; ಖಾಲಾ ಅಂದರೆ ಚಿಕ್ಕಮ್ಮ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಎತ್ತರದ ಹೆಂಗಸು, ಮದರಂಗಿ ಹಚ್ಚಿದ ಕೆಂಪು ಕೂದಲು, ಸೊಂಟದಲ್ಲಿ ಎಲೆಯಡಿಕೆಯ ಬೆಳ್ಳಿ ಡಬ್ಬಿ. ಪರದೆಯ ಪಕ್ಕದ ಸ್ಟೂಲಿನ ಮೇಲೆ ಆಕೆಯನ್ನು ಬಿಟ್ಟು ಯಾರೂ ಕೂರುವ ಹಾಗಿರಲಿಲ್ಲ. ಒಳ್ಳೆಯವಳು ಎಂದು ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಬಾಯಿ ಬಿರುಸು, ತನ್ನ ಕೆಲಸದ ಬಗ್ಗೆ ಜಂಬ, ಯಾರಾದರೂ ಎದುರು ಮಾತಾಡಿದರೆ ದಿನವಿಡೀ ಮುಖ ಗಂಟು. ಹೊಸ ಆಯಾಗಳನ್ನು ಅಳಿಸದೆ ಆಕೆಗೆ ಊಟ ಸೇರುತ್ತಿರಲಿಲ್ಲ. ನಾನೂ ಮೊದಲ ವಾರವೆಲ್ಲ ಅತ್ತೆ. ಆದರೆ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲೂ ಆಕೆ ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ ಎಂದು ಕಂಪೌಂಡರ್ ಹೇಳಿದ್ದನ್ನು ಕೇಳಿದ್ದೇನೆ. ಆಕೆಯ ಮನೆ ದವಾಖಾನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಇತ್ತು. ಗೋಡೆಯಲ್ಲಿ ಒಡೆದ ಒಂದು ಸಂದಿಯಿಂದ ನುಸುಳಿ ಬರುತ್ತಿದ್ದಳಂತೆ.

ಆಗಿನ ರೀತಿಯನ್ನು ಈಗಿನ ಹುಡುಗಿಯರಿಗೆ ಹೇಳಿದರೆ ನಗುತ್ತಾರೆ. ವಾರ್ಡಿನ ಬಾಗಿಲಿಗೆ ಹಸಿರು ಪರದೆ. ಡಾಕ್ಟರ್ ಸಾಹೇಬರು ಹೈದರಾಬಾದಿನಿಂದ ಬಂದವರು, ತುಂಬ ಓದಿದವರು, ಆದರೂ ಪರದೆಯ ಆಚೆ ವರಾಂಡದಲ್ಲೇ ನಿಲ್ಲಬೇಕು. ಮುಸಲ್ಮಾನರ ಮನೆಯವರಿಗೆ ಮಾತ್ರ ಪರದೆ ಎಂದು ತಿಳಿಯಬೇಡಿ. ನಮ್ಮ ಗೌಡರು, ಸಾಹುಕಾರರ ಮನೆಯ ಹೆಂಗಸರೂ ಅಷ್ಟೇ. ನಾಡಿ ನೋಡಬೇಕಾದರೆ ರೋಗಿ ಪರದೆಯ ಸಂದಿಯಿಂದ ಕೈ ಹೊರಗೆ ಚಾಚಬೇಕು. ಉಳಿದದ್ದನ್ನೆಲ್ಲ ದಾಯಿ ಒಳಗೆ ಮುಟ್ಟಿ ನೋಡಿ ಹೊರಗೆ ಕೂಗಿ ಹೇಳಬೇಕು. ಎಲ್ಲಿ ನೋವು, ಎಷ್ಟು ಊತ, ಏನು ಸ್ರಾವ, ಎಲ್ಲ. ಡಾಕ್ಟರಿಗೆ ಕಣ್ಣೂ ಅವಳೇ, ಕೈಯೂ ಅವಳೇ. ಖಾಲಾಳ ಕೂಗು ಗಂಡಸರ ವಾರ್ಡಿನ ಕೊನೆಯ ಮಂಚಕ್ಕೂ ಕೇಳುತ್ತಿತ್ತು. ಆಕೆ ಹೆಂಗಸಿನ ಮೈಯ ಒಂದೊಂದು ಭಾಗವನ್ನೂ ಅದರ ಹೆಸರು ಹಿಡಿದೇ ಹೇಳುತ್ತಿದ್ದಳು. ನಾನು ಕಿವಿ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಿದ್ದೆ.

ನಮ್ಮ ಮನೆಗಳಲ್ಲಿ ಬಸಿರು ಎಂಬ ಮಾತನ್ನೂ ಗಂಡಸರ ಮುಂದೆ ಆಡುತ್ತಿರಲಿಲ್ಲ. ಹೊಟ್ಟೆನೋವು ಬಂದರೆ ತಲೆನೋವು ಎಂದು ಹೇಳುತ್ತಿದ್ದೆವು. ಮಾಮಾನ ಹೆಂಡತಿ ನಮ್ಮ ಅತ್ತೆ, ಅವರ ತಂಗಿಯೊಬ್ಬಳು ಹಾಗೆ ತಲೆನೋವು ತಲೆನೋವು ಎನ್ನುತ್ತಲೇ ಸತ್ತಳು, ಯಾವ ಬೇನೆಯೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅದನ್ನು ಮರ್ಯಾದೆ ಎಂದು ನಂಬಿದ ಮನೆಯಿಂದ ನಾನು ಬಂದಿದ್ದೆ.

ನನ್ನ ಮೊದಲ ಎಡವಟ್ಟು ಇಂಥ ಮರ್ಯಾದೆಯಿಂದಲೇ ಆಯಿತು. ಜ್ವರ ಬಂದ ಒಬ್ಬ ಹೊಸ ಮದುವಣಗಿತ್ತಿಯನ್ನು ಮನ್ನಳ್ಳಿಯಿಂದ ಕರೆತಂದಿದ್ದರು. ಪರಗಂಡಸಿಗೆ ಕೈ ಕೊಡುವುದಿಲ್ಲವೆಂದು ಅವಳು ಮುದುಡಿ ಕೂತಳು. ಖಾಲಾ ಬೇರೆ ಮಂಚದ ಹತ್ತಿರ ಇದ್ದಳು. ಡಾಕ್ಟರ್ ಹೊರಗೆ ಕಾಯುತ್ತಿದ್ದಾರೆ, ಹುಡುಗಿ ಅಳುತ್ತಿದ್ದಾಳೆ. ಪಾಪ, ಇವಳ ಸಂಕೋಚ ಉಳಿಯಲಿ ಎಂದು ನಾನು ನನ್ನ ಕೈಯನ್ನೇ ಪರದೆಯಿಂದ ಹೊರಗೆ ಚಾಚಿದೆ! ಸಾಹೇಬರು ಬೆರಳಿಟ್ಟು ನೋಡಿ, ಇವಳಿಗೆ ಜ್ವರವೂ ಇಲ್ಲ ಗಿರವೂ ಇಲ್ಲ, ಮನೆಗೆ ಕಳಿಸಿ ಎಂದರು. ಅಷ್ಟರಲ್ಲಿ ಖಾಲಾ ಬಂದು ಪರದೆಯ ಸಂದಿಯಲ್ಲಿದ್ದ ನನ್ನ ಬಳೆಯಿಲ್ಲದ ಕೈ ನೋಡಿದಳು. ಮೊಣಕೈಗೆ ಒಂದು ಬಿಟ್ಟಳು, ಎರಡು ದಿನ ಉರಿಯಿತು. ಆಮೇಲೆ ಮದುವಣಗಿತ್ತಿಯ ಕೈ ಹಿಡಿದು ಎಳೆದು ಹೊರಗೆ ಹಾಕಿ, ಬಳೆ ಒಡೆದರೆ ನಾನು ತೊಡಿಸುತ್ತೇನೆ ಎಂದಳು. ಸಾಹೇಬರು ನಕ್ಕುಬಿಟ್ಟರು, ಔಷಧಿಯೂ ಸಿಕ್ಕಿತು. ಈ ಕಥೆ ಹೇಳಿ ನಾನು ಎಷ್ಟೋ ಜನರನ್ನು ನಗಿಸಿದ್ದೇನೆ. ಮುಂದಿನದನ್ನು ಹೇಳಿ ಯಾರನ್ನೂ ನಗಿಸಲಾಗಿಲ್ಲ.

ಖಾಲಾ ಕಲಿಸುವ ರೀತಿ ಬೈದು ಕಲಿಸುವುದು. ನೆತ್ತರು ಅಂಟಿದ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಕಲೆ ಕೂತುಬಿಡುತ್ತದೆ, ಮೊದಲು ತಣ್ಣೀರು. ಹೆರಿಗೆಯಾದವಳ ಹೊಟ್ಟೆಯ ಮೇಲೆ ಕೈಯಿಟ್ಟರೆ ಗರ್ಭಚೀಲ ತೆಂಗಿನಕಾಯಿಯ ಹಾಗೆ ಗಟ್ಟಿಯಾಗಿ ಸಿಗಬೇಕು, ಮೆತ್ತಗಿದ್ದರೆ ಕೂಗು. ಕೂಸಿನ ಹಿಂದೆ ಬರುವ ಮಾಸು ಬಿದ್ದ ಮೇಲೆ ಬಟ್ಟಲಲ್ಲಿ ಹರಡಿ, ಎಲ್ಲಾದರೂ ಹರಿದಿದೆಯೇ ನೋಡು. ಇವೆಲ್ಲ ಆಕೆಯಿಂದಲೇ ಬಂದವು. ನಾನೋ, ಸಂಜೆ ಮನೆಗೆ ಹೋದರೆ ಹಿತ್ತಲಲ್ಲೇ ನಿಂತು ಸೀರೆ ಬಿಚ್ಚಿ ಹಾಕಿ, ಅತ್ತೆ ಮೇಲಿನಿಂದ ಹುಯ್ಯುವ ನೀರಿನಲ್ಲಿ ಮಿಂದು, ಆಮೇಲೆ ಲಿಂಗಪೂಜೆಗೆ ಕೂರುತ್ತಿದ್ದೆ. ರೋಗದ ಮೈಲಿಗೆಗೆಂದು ಅತ್ತೆ ಹೇಳುತ್ತಿದ್ದರು. ಖಾಲಾ ಕೊಟ್ಟ ಎಲೆಯಡಿಕೆಯನ್ನೂ ಸೆರಗಿಗೆ ಕಟ್ಟಿಕೊಂಡು ಬಂದು ದಾರಿಯಲ್ಲಿ ಬಿಸಾಕುತ್ತಿದ್ದೆ. ಜಾತಿಯಿಲ್ಲ ಎಂದು ಹಾಡುವ ಮನೆಯವಳು ನಾನು. ವಾರ್ಡಿನಲ್ಲಿ ನೀರಿನ ಗಡಿಗೆಗಳೂ ಎರಡಿದ್ದವು, ನಮ್ಮವರಿಗೊಂದು, ಮುಸಲ್ಮಾನರಿಗೊಂದು; ಅದರ ಬಗ್ಗೆ ನಾನು ಒಂದು ದಿನವೂ ಯೋಚಿಸಲಿಲ್ಲ.

ಮುಂದೆ ಊರು ತಣ್ಣಗಾಯಿತು. ಹೆದರಿ ಕೂತಿದ್ದ ನೌಕರರು ತಿರುಗಿ ಬಂದರು. ಆಗಲೇ ಮೇಲಿನಿಂದ ಹುಕುಂ ಬಂತು, ಕೆಲವರನ್ನು ಕೆಲಸದಿಂದ ಬಿಡಿಸಿದ್ದಾರೆ ಎಂದು. ಹಲೀಮಾ ಖಾಲಾಳ ಹೆಸರೂ ಅದರಲ್ಲಿತ್ತು. ಯಾಕೆಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮಾಮಾ ದೊಡ್ಡವರ ಕಿವಿಯಲ್ಲಿ ಒಂದು ಮಾತು ಹಾಕಿದರು. ಪಗಾರವಿಲ್ಲದೆ ಸೇವೆ ಮಾಡಿದ ಹೆಣ್ಣುಮಗಳು, ಅನಾಥೆ, ಕೆಲಸ ಕಲಿತಿದ್ದಾಳೆ ಎಂದು. ದವಾಖಾನೆಯ ಅಂಗಳದಲ್ಲಿ ಸಭೆ ಮಾಡಿ ಸ್ವಯಂಸೇವಕರಿಗೆಲ್ಲ ಹಾರ ಹಾಕಿದರು. ನನ್ನ ನಿಸ್ವಾರ್ಥ ಸೇವೆಯನ್ನು ಹೊಗಳಿ, ದಾಯಿಯ ಜಾಗ ನನಗೆ ಕೊಟ್ಟರು. ಆ ದಿನ ನನಗೆ ನಾಚಿಕೆಯೇನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹಿಗ್ಗಿದ್ದೆ. ಇನ್ನು ಯಾರ ಮುಖವನ್ನೂ ನೋಡದೆ ಎರಡನೆಯ ರೊಟ್ಟಿ ಹಾಕಿಕೊಳ್ಳಬಹುದು ಎಂಬುದೊಂದೇ ತಲೆಯಲ್ಲಿತ್ತು.

ಜಾಗ ಸಿಕ್ಕಿತು, ಬಾಯಿ ಸಿಗಲಿಲ್ಲ. ಖಾಲಾ ಹೋದ ಮೇಲೆ ಪರದೆಯ ಹಿಂದೆ ಕೂಗಬೇಕಾದವಳು ನಾನು. ಸಣ್ಣಪುಟ್ಟದನ್ನು ಹೇಗೋ ಸುತ್ತಿ ಬಳಸಿ ಹೇಳುತ್ತಿದ್ದೆ. ಎದೆಬಾವನ್ನು ಮೈನೋವು ಎಂದೆ, ಸ್ರಾವವನ್ನು ನಿಶ್ಶಕ್ತಿ ಎಂದೆ. ಡಾಕ್ಟರ್ ಸಾಹೇಬರು ಊಹೆ ಮಾಡಿ ಮಾಡಿ ಸಾಕಾಗಿ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಕಮಠಾಣದಿಂದ ಗಾಡಿ ಕಟ್ಟಿಕೊಂಡು ಒಬ್ಬ ಬಸುರಿಯನ್ನು ತಂದರು. ಹೆಸರು ಸಂಗಮ್ಮ. ಅವಳ ಮಾವ ನಮ್ಮ ಮಾಮಾನ ಅಂಗಡಿಗೆ ಜೋಳ, ತೊಗರಿ ಹಾಕುವ ರೈತ. ಹಾಗಾಗಿ ಮಾಮಾನೇ ಮುಂದೆ ನಿಂತು ಕರೆತಂದಿದ್ದರು. ಕೂಸು ನನ್ನ ಕೈಯಲ್ಲೇ ಬಂತು, ಹೆಣ್ಣು, ಚೆನ್ನಾಗಿ ಅತ್ತಿತು. ಮಾಸು ಅರ್ಧ ಮಾತ್ರ ಬಂತು. ಬಟ್ಟಲಲ್ಲಿ ಹರಡಿ ನೋಡಿದೆ, ಹರಿದಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ, ಮೆತ್ತಗಿತ್ತು. ನೆತ್ತರು ನಿಲ್ಲಲಿಲ್ಲ.

ಪರದೆಯ ಆಚೆಯಿಂದ ಸಾಹೇಬರು ಕೇಳಿದರು, "ಮಾಸು ಪೂರಾ ಬಿತ್ತಾ? ಖೂನ್ ಹ್ಯಾಂಗ ಅದ?"

ನನಗೆ ಎಲ್ಲ ಗೊತ್ತಿತ್ತು. ಕಣ್ಣೆದುರಿಗೇ ಇತ್ತು. ಆದರೆ ಬಿಸಿಲಿಗೆ ಪರದೆಯ ಮೇಲೆ ಸಾಹೇಬರ ಟೋಪಿಯ ಪಕ್ಕದಲ್ಲೇ ಒಂದು ದೊಡ್ಡ ರುಮಾಲಿನ ನೆರಳು ಬಿದ್ದಿತ್ತು. ಮಾಮಾ. ಅವರ ಪಕ್ಕ ಸಂಗಮ್ಮನ ಮಾವ, ಗಂಡ. ನನ್ನನ್ನು ಎತ್ತಿ ಆಡಿಸಿದ ಹಿರಿಯರ ಎದುರಿಗೆ ಆ ಮಾತುಗಳನ್ನು ಹೇಗೆ ಆಡುವುದು? ಆಮೇಲೆ ಸಾಹೇಬರು ಒಬ್ಬರೇ ಸಿಕ್ಕಾಗ ಹೇಳಿದರಾಯಿತು ಅಂದುಕೊಂಡೆ. "ಎಲ್ಲಾ ಸರಿ ಅದ್ರಿ ಸಾಹೇಬ್ರ. ಭಾಳ ದಣದಾಳ, ಅಷ್ಟೇ," ಎಂದೆ.

ಒಳ್ಳೆಯದು ಎಂದು ಅವರು ಗಂಡಸರ ವಾರ್ಡಿನ ಕಡೆ ಹೋದರು. ನಾನು ಬಟ್ಟೆಯ ಮೇಲೆ ಬಟ್ಟೆ ಒತ್ತುತ್ತ ಕೂತೆ. ಸಂಗಮ್ಮನ ತುಟಿ ಬೆಳ್ಳಗಾಯಿತು. ಮಂಚದ ಪಕ್ಕ ಕೂತಿದ್ದ ಅವಳ ಅತ್ತೆ ನನ್ನ ಮುಖ ನೋಡಿದಳು, ಹಾಸಿಗೆ ನೋಡಿದಳು, ಎದ್ದು ಹೊರಗೆ ಹೋದಳು. ಆ ಮುದುಕಿಯ ಹೆಣ್ಣುಮಕ್ಕಳ ಹೆರಿಗೆಯನ್ನೆಲ್ಲ ಹಲೀಮಾ ಖಾಲಾಳೇ ಮಾಡಿಸಿದ್ದಳಂತೆ. ಖಾಲಾಳ ಮನೆ ಅವಳಿಗೆ ಗೊತ್ತಿತ್ತು.

ಖಾಲಾ ಗೋಡೆಯ ಸಂದಿಯಿಂದಲೇ ಬಂದಳು. ಕೈಯಲ್ಲಿ ಇನ್ನೂ ರೊಟ್ಟಿಯ ಹಿಟ್ಟಿತ್ತು. ಕೈ ತೊಳೆದು, ನನ್ನನ್ನು ಭುಜದಿಂದ ತಳ್ಳಿ, ಸಂಗಮ್ಮನ ಹೊಟ್ಟೆಯ ಮೇಲೆ ಅಂಗೈ ಒತ್ತಿದಳು. ಆಮೇಲೆ ಪರದೆ ಕಡೆ ತಿರುಗಿ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಡಾಕ್ಟರ್ ಸಾಬ್, ಮಾಸು ಅರ್ಧ ಒಳಗೇ ಅದ. ಖೂನ್ ನಿಂತಿಲ್ಲ, ಹಾಸಗಿ ತೊಯ್ದು ನೆಲಕ್ಕ ಇಳದದ. ಪರದಾ ಗಿರದಾ ಬಿಟ್ಟು ಒಳಗ ಬರ್ರಿ."

ಸಾಹೇಬರು ಓಡಿಬಂದರು. ಸಂಗಮ್ಮನ ಮಾವ ಅಡ್ಡ ನಿಂತು, ಹೆಂಗಸರ ವಾರ್ಡಿನಲ್ಲಿ ಗಂಡಸು ಕಾಲಿಡುವುದೆಂದರೇನು ಎಂದು ಶುರುಮಾಡಿದ. ಒಳಗಿನಿಂದ ಖಾಲಾ, ಸೊಸೆ ಬೇಕೋ ಪರದೆ ಬೇಕೋ ಒಂದೇ ಮಾತಿನಲ್ಲಿ ಹೇಳು ಎಂದಳು. ಅವನು ಸರಿದು ನಿಂತ. ಮಾಮಾನ ರುಮಾಲಿನ ನೆರಳು ಪರದೆಯಿಂದ ಮೆಲ್ಲಗೆ ಜಾರಿಹೋಯಿತು. ಸಾಹೇಬರು ಒಳಗೆ ಬಂದು ಮಾಡಬೇಕಾದ್ದನ್ನು ಮಾಡಿದರು. ಸಂಗಮ್ಮ ಬದುಕಿದಳು. ಸತ್ತಿದ್ದರೆ ಇದನ್ನು ಬರೆಯುವ ಧೈರ್ಯವೂ ನನಗೆ ಇರುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಖಾಲಾ ಕೈ ತೊಳೆದಳು. ದವಾಖಾನೆಯ ಟವೆಲ್ ಮುಟ್ಟದೆ ತನ್ನ ಓಢಣಿಗೇ ಒರೆಸಿಕೊಂಡಳು. ನನಗೆ ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು. ಮೆಲ್ಲಗೆ ಹೇಳಿದಳು, "ಕಣ್ಣಿಲೆ ನೋಡಿದ್ದು ಬಾಯಿಲೆ ಹೇಳ್ಲಿಕ್ಕ ಆಗದಿದ್ರ ಈ ಪರದಾದ ಹಿಂದ ನಿಂದರಬ್ಯಾಡ ಬೇಟಿ." ಬಂದ ಸಂದಿಯಿಂದಲೇ ಹೊರಟುಹೋದಳು. ಒಲೆಯ ಮೇಲೆ ಬಿಟ್ಟುಬಂದ ರೊಟ್ಟಿ ಸುಟ್ಟುಹೋಗಿರಬೇಕು.

ಕಮಠಾಣದವರು ಸುಗ್ಗಿಯಾದ ಮೇಲೆ ಒಂದು ಚೀಲ ಜೋಳ ಕಳಿಸಿದರು. ನನಗೆ. ಕೂಸಿಗೆ ನನ್ನದೇ ಹೆಸರಿಟ್ಟರೆಂದೂ ಸುದ್ದಿ ಬಂತು. ಜೋಳವನ್ನು ಖಾಲಾಳ ಮನೆಗೆ ಕಳಿಸಬೇಕೆಂದು ಮನಸ್ಸಾಯಿತು. ಮನಸ್ಸಿನಲ್ಲೇ ಉಳಿಯಿತು, ಅತ್ತೆ ಅದನ್ನು ಬೀಸಿಸಿದರು, ನಾವೇ ಉಂಡೆವು.

ಡಾಕ್ಟರ್ ಸಾಹೇಬರು ಮಾತ್ರ ಸುಮ್ಮನಿರಲಿಲ್ಲ. ಹೈದರಾಬಾದಿನಿಂದ ದೊಡ್ಡ ಅಧಿಕಾರಿಯೊಬ್ಬರು ತಪಾಸಣೆಗೆ ಬಂದಾಗ ಹಲೀಮಾಳನ್ನು ತಿರುಗಿ ತೆಗೆದುಕೊಳ್ಳಬೇಕು, ಅವಳಿಲ್ಲದೆ ಜನಾನಾ ವಾರ್ಡು ನಡೆಯುವುದಿಲ್ಲ ಎಂದು ವಾದ ಮಾಡಿದರು. ಖಾಲಾಳಿಗೂ ಬರಹೇಳಿದ್ದರು. ಗೇಟಿನ ಬೇವಿನ ಮರದ ಕೆಳಗೆ ಆಕೆ ನಿಂತಿದ್ದಳು. ಒಗೆದ ಬಟ್ಟೆ, ಹೊಸದಾಗಿ ಮದರಂಗಿ ಹಚ್ಚಿದ ಕೂದಲು. ಆ ಅಧಿಕಾರಿ ಬೆಳಗಿನಿಂದ ಹಾಸಿಗೆಯ ಚಾದರ ಎಳೆದು ಎಳೆದು ನೋಡಿದ್ದು ಬಿಟ್ಟರೆ ಒಬ್ಬ ರೋಗಿಯನ್ನೂ ಮಾತಾಡಿಸಿರಲಿಲ್ಲ. ಸಾಹೇಬರ ಮಾತು ಕೇಳಿ ನನ್ನ ಕಡೆ ತಿರುಗಿದರು. ಈ ವಾರ್ಡನ್ನು ನೀನೊಬ್ಬಳೇ ನಡೆಸುತ್ತೀಯಾ, ಇಲ್ಲಾ ಆ ಹೆಂಗಸು ಬೇಕೇ ಎಂದು ಉರ್ದುವಿನಲ್ಲಿ ಕೇಳಿದರು.

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಆಗುವುದಿಲ್ಲ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಈ ಸಲ ಮಾಮಾ ಇರಲಿಲ್ಲ, ಆಡಬಾರದ ಮಾತೂ ಯಾವುದೂ ಇರಲಿಲ್ಲ. ಭಾಲ್ಕಿಯ ಅಡುಗೆಮನೆ ಕಣ್ಣ ಮುಂದೆ ಬಂತು, ಅತ್ತಿಗೆಯ ಮುಖ ಬಂತು. "ಹೂಂ ರಿ, ನಡಸ್ತೇನಿ," ಎಂದೆ.

ಅಧಿಕಾರಿ ತಲೆಯಾಡಿಸಿ ಮುಂದಿನ ವಾರ್ಡಿಗೆ ಹೋದರು. ಸಂಜೆ ಮನೆಗೆ ಹೊರಟಾಗ ಖಾಲಾ ಇನ್ನೂ ಮರದ ಕೆಳಗೇ ಇದ್ದಳು. ಏನಂದರು ಎಂದು ಕೇಳಿದಳು. ಗೊತ್ತಿಲ್ಲ ಖಾಲಾ ಎಂದೆ. ಆಕೆ ನನ್ನ ಮುಖ ನೋಡಿ, ಡಬ್ಬಿ ತೆಗೆದು ಎಲೆಯಡಿಕೆ ಮಡಿಚಿ ನನಗೊಂದು ಕೊಟ್ಟಳು. ಅದನ್ನು ದಾರಿಯಲ್ಲಿ ಬಿಸಾಕಲಾಗಲಿಲ್ಲ. ತಿನ್ನಲೂ ಆಗಲಿಲ್ಲ. ಸೆರಗಿನ ಗಂಟಿನಲ್ಲೇ ಒಣಗಿತು.

ಆಮೇಲೆ ನನಗೆ ಬಾಯಿ ಬಂತು. ಹೆದರಿಕೆಯಿಂದ ಬಂತೋ ಹೇಸಿಗೆಯಿಂದ ಬಂತೋ ಹೇಳಲಾರೆ. ಮುಂದೆ ಹೈದರಾಬಾದಿಗೆ ಕಳಿಸಿ ಸೂಲಗಿತ್ತಿ ತರಬೇತಿ ಕೊಡಿಸಿದರು, ಔರಾದಿನ ದವಾಖಾನೆಗೆ ಹಾಕಿದರು. ಅಲ್ಲಿ ಬಾಗಿಲಿನ ಪರದೆ ತೆಗೆಸಿ, ಮಂಚದ ಪಕ್ಕ ನಿಲ್ಲಿಸುವ ಬಟ್ಟೆಯ ಅಡ್ಡ ಚೌಕಟ್ಟು ಮಾಡಿಸಿದೆ. ಡಾಕ್ಟರ್ ಎಷ್ಟು ದೊಡ್ಡವರಿರಲಿ, ಯಾರ ಮಾವ ಹೊರಗೆ ನಿಂತಿರಲಿ, ಕಂಡದ್ದನ್ನು ಕಂಡ ಹಾಗೆ ಕೂಗಿ ಹೇಳುತ್ತಿದ್ದೆ. ಔರಾದಿನ ಜನ ನನಗೆ ಬಾಯಿಬಡಕಿ ನರ್ಸ್ ಎಂದು ಹೆಸರಿಟ್ಟರು. ಹಿಂದಿನಿಂದ ಹುಡುಗರು ನನ್ನಂತೆ ಕೂಗಿ ಅಣಕಿಸುತ್ತಿದ್ದರು. ಹುಡುಗಿಯರೇ, ನಿಮಗೆ ಯಾರಾದರೂ ಹಾಗೆ ಅಂದರೆ ಬೇಜಾರಾಗಬೇಡಿ. ದವಾಖಾನೆಯಲ್ಲಿ ಹೂ ಮುಡಿಸುವುದು, ಹಣ್ಣು ಹಂಚುವುದು ಯಾರಿಗಾದರೂ ಬರುತ್ತದೆ. ಹಾಸಿಗೆಯಲ್ಲಿ ಇರುವವರು ಹೇಳಲಾರದ್ದನ್ನು ನೀವು ಹೇಳಬೇಕು, ಅದಕ್ಕೇ ನೀವು ಅಲ್ಲಿರುವುದು.

ಔರಾದಿಗೆ ಹೋದ ಮೇಲೆ ತಿಳಿಯಿತು, ಹಲೀಮಾ ಖಾಲಾ ಬೀದರಿನ ಮನೆ ಬಿಟ್ಟು ಔರಾದಿನಲ್ಲೇ ಮಗಳ ಮನೆಯಲ್ಲಿದ್ದಾಳೆ ಎಂದು. ಅಳಿಯನದು ಸಣ್ಣ ಸೈಕಲ್ ಅಂಗಡಿ. ಹಂಗಿನ ಊಟ ಹೇಗಿರುತ್ತದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರ ಓಣಿ ತಪ್ಪಿಸಿ ನಾನು ಸುತ್ತು ಹಾಕಿ ದವಾಖಾನೆಗೆ ಹೋಗುತ್ತಿದ್ದೆ. ಮಳೆಗಾಲದಲ್ಲಿ ಆ ಸುತ್ತಿನ ದಾರಿಯಲ್ಲಿ ಮೊಳಕಾಲವರೆಗೆ ಕೆಸರು, ಆದರೂ ಅದೇ ದಾರಿ.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರುವ ಸ್ವಲ್ಪ ಮೊದಲು, ಒಂದು ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ಆಕೆ ದವಾಖಾನೆಗೆ ಬಂದಳು. ಬುರ್ಖಾದ ಒಳಗಿದ್ದರೂ ಆ ಎತ್ತರ ಗುರುತಾಯಿತು. ಮಂಚದ ಮೇಲೆ ಮಲಗಿಸಿ ಅಡ್ಡ ಚೌಕಟ್ಟು ಎಳೆದು ನೋಡಿದೆ. ಗರ್ಭಕೋಶ ಜಾರಿ ಹೊರಗೆ ಬಂದಿತ್ತು. ಇವತ್ತು ನಿನ್ನೆಯದಲ್ಲ, ವರ್ಷಗಳಿಂದ ಬಟ್ಟೆ ಕಟ್ಟಿಕೊಂಡು ಓಡಾಡಿದ್ದಳು, ಹುಣ್ಣಾಗಿತ್ತು. ಡಾಕ್ಟರ್ ಆಗಷ್ಟೇ ಬಂದಿದ್ದ ಎಳೆಯ ಹುಡುಗ. ಚೌಕಟ್ಟಿನ ಆಚೆ ನಿಂತು, ಅಮ್ಮಾ ಏನು ತ್ರಾಸು ಎಂದು ಕೇಳಿದರು.

ಅವರು ಎರಡನೆಯ ಸಲ ಕೇಳಿದರು. ಖಾಲಾ ಮುಖದ ಮೇಲೆ ಓಢಣಿ ಎಳೆದುಕೊಂಡು ಗೋಡೆ ಕಡೆ ತಿರುಗಿದಳು. ಊರಿನ ಹೆಂಗಸರ ಮೈಯನ್ನೆಲ್ಲ ಗಂಟಲು ಬಿಚ್ಚಿ ಹೇಳಿದವಳಿಗೆ ತನ್ನದನ್ನು ಹೇಳಲು ಬಾಯಿ ಬರಲಿಲ್ಲ. ನನ್ನ ಮುಂಗೈ ಹಿಡಿದು, "ಶರಮ್ ಆಗ್ತದ ಬೇಟಿ. ನೀನೇ ಹೇಳು," ಎಂದಳು.

ಹೇಳಿದೆ. ಏನಾಗಿದೆ, ಎಷ್ಟು ಹೊರಗೆ ಬಂದಿದೆ, ಹುಣ್ಣು ಎಲ್ಲಿದೆ, ಮೂತ್ರ ನಿಲ್ಲುತ್ತದೋ ಇಲ್ಲವೋ, ಒಂದನ್ನೂ ಬಿಡದೆ, ಒಂದನ್ನೂ ಸುತ್ತಿ ಬಳಸದೆ ಹೇಳಿದೆ. ನನ್ನ ಸ್ವರ ನನಗೇ ಖಾಲಾಳ ಸ್ವರದಂತೆ ಕೇಳಿಸಿತು. ಹುಡುಗ ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡು, ಇದಕ್ಕೆ ಆಪರೇಷನ್ನೇ ಆಗಬೇಕು, ಬೀದರಿಗೆ ಲೇಡಿ ಡಾಕ್ಟರ್ ಬಂದಿದ್ದಾರೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು.

ಅವರು ಹೋದ ಮೇಲೆ ಖಾಲಾ ಓಢಣಿ ಸರಿಸಿದಳು. ಕಣ್ಣು ಒದ್ದೆಯಾಗಿತ್ತು. ನಾನು ಅಂದಿನ ಮಾತು ಎತ್ತಲು ಬಾಯಿ ತೆರೆದೆ. ಖಾಲಾ, ಆ ದಿನ ಆ ಅಧಿಕಾರಿಯ ಮುಂದೆ ನಾನು ಎಂದು ಶುರುಮಾಡಿದೆ. ಆಕೆ ಮುಗಿಸಗೊಡಲಿಲ್ಲ.

"ನನಗ ಅವತ್ತೇ ಗೊತ್ತಿತ್ತು," ಎಂದಳು. "ಈಗ ಎಷ್ಟ್ ಛಲೋ ಹೇಳಿದಿ. ಅವತ್ತೂ ಹಿಂಗೇ ಹೇಳಿದ್ದರ ನಾ ಅಳಿಯನ ಮನ್ಯಾಗ ಕೂಳು ತಿಂತಿರಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಬಿಸಿಲು ಜಾಸ್ತಿ ಎನ್ನುವ ಹಾಗೆ ಹೇಳಿದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕೇಳಿ ಅವಳಿಂದ ಇನ್ನೂ ಒಂದನ್ನು ತೆಗೆದುಕೊಳ್ಳುವ ಮುಖ ನನಗಿರಲಿಲ್ಲ.

ರಜೆ ಹಾಕಿ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಮಗಳಿಗೆ ಮನೆಯಲ್ಲಿ ಎಳೆಯ ಕೂಸು, ಬರಲಾಗಲಿಲ್ಲ. ಬೀದರಿನಲ್ಲಿ ಅದೇ ದವಾಖಾನೆ, ಅದೇ ವಾರ್ಡು. ಹಸಿರು ಪರದೆ ಹೋಗಿತ್ತು, ಅದು ತೂಗುತ್ತಿದ್ದ ಕಬ್ಬಿಣದ ಸಲಾಕೆ ಮಾತ್ರ ಉಳಿದಿತ್ತು. ಖಾಲಾಳನ್ನು ಗುರುತಿಸುವವರು ಅಲ್ಲಿ ಯಾರೂ ಇರಲಿಲ್ಲ. ತಾನು ಆಳಿದ ವಾರ್ಡಿನ ಮೂಲೆಯ ಮಂಚದಲ್ಲಿ ಆಕೆ ಆಪರೇಷನ್ ಮುಗಿಸಿಕೊಂಡು ಮಲಗಿದಳು. ನಾನು ಮೈ ಒರೆಸಿದೆ, ಬಟ್ಟೆ ಬದಲಿಸಿದೆ, ತಣ್ಣೀರಿನಲ್ಲಿ ಒಗೆದು ಹಾಕಿದೆ. ಬೇರೆ ಮಂಚಗಳ ಹೆಂಗಸರು ಕೂಗಿದಾಗ ಅವರ ಹತ್ತಿರವೂ ಹೋದೆ. ಆಕೆ ಮಲಗಿದಲ್ಲಿಂದಲೇ, ಬಟ್ಟೆ ಸರಿಯಾಗಿ ಹಿಂಡಿಲ್ಲ ಎಂದು ಬೈಯುತ್ತಿದ್ದಳು. ನನ್ನ ಜೀವಮಾನದಲ್ಲಿ ಪಗಾರಕ್ಕಾಗಲಿ ಮಾಮಾನ ಮಾತಿಗಾಗಲಿ ಅಲ್ಲದೆ ಮಾಡಿದ ಸೇವೆ ಎಂದರೆ ಅದೊಂದೇ ಎಂದು ಆ ಕಾಲೇಜು ಹುಡುಗಿಗೆ ಹೇಳಬೇಕಿತ್ತು.

ವಾರ್ಡಿನ ನರ್ಸ್ ಹೊಸಬಳು, ನಮ್ಮಿಬ್ಬರನ್ನೂ ನೋಡಿ ಅವಳಿಗೆ ಸೋಜಿಗ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ ಇರುವ ಹೆಂಗಸು ಒಬ್ಬ ಮುಸಲ್ಮಾನ ಮುದುಕಿಗೆ ಹೀಗೆ ಮಾಡುತ್ತಿದ್ದಾಳೆ. "ನೀವು ಇವರಿಗೆ ಏನಾಗಬೇಕ್ರಿ?" ಎಂದು ನನ್ನನ್ನು ಕೇಳಿದಳು. ಶಿಷ್ಯೆ ಎನ್ನಲೇ? ಮಗಳಿದ್ದ ಹಾಗೆ ಎನ್ನಲೇ? ಎರಡಕ್ಕೂ ನಾಲಿಗೆ ಏಳಲಿಲ್ಲ.

ಖಾಲಾ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ನನ್ನ ಜಾಗಾಕ್ಕ ಬಂದಾಕಿ."

ನರ್ಸ್ ಅದನ್ನು ಹೇಗೆ ತಿಳಿದುಕೊಂಡಳೋ ಏನೋ, ಒಳಗಿನಿಂದ ಒಂದು ಸ್ಟೂಲು ತಂದು ಮಂಚದ ಪಕ್ಕ ಇಟ್ಟಳು. ಆ ಸ್ಟೂಲು ನನಗೆ ಗೊತ್ತಿತ್ತು, ದಾಯಿಯಾಗಿದ್ದಾಗ ಖಾಲಾ ಕೂರುತ್ತಿದ್ದದ್ದು. ನಾನು ನಿಂತೇ ಇದ್ದೆ.